ಮೊದಲು ಬೇಸ್‌ಬಾಲ್ ಮ್ಯಾಚ್, ಆಮೇಲೆ ದೇವಸ್ಥಾನ: ಗೆಳತಿಯರ ಜೊತೆ ಜಪಾನ್ ಸುತ್ತುವ ಬಗೆ

ನಾವು ನಾಲ್ವರು. ಮುಂಬೈ ಹತ್ತಿರದ ಡೊಂಬಿವಲಿಯಿಂದ ಬೆಳಿಗ್ಗೆ ಹೊರಡುವ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ಹದಿನೇಳು ವರ್ಷದಿಂದ ಒಟ್ಟಿಗೆ ನಿಂತವರು. ಕೂತವರು ಅನ್ನುವಷ್ಟು ಪುಣ್ಯ ಮಾಡಿಲ್ಲ. ಆ ಡಬ್ಬಾದಲ್ಲಿ ಹೆಸರು ಯಾರಿಗೂ ಬೇಕಿಲ್ಲ, ಹತ್ತುವ ಸ್ಟೇಷನ್ನೇ ಹೆಸರು. ನಾನು ಡೊಂಬಿವಲಿ. ಉಳಿದವರು ಠಾಣೆ, ಮುಲುಂಡ್, ಘಾಟ್ಕೋಪರ್.

ಠಾಣೆ ಬೆಳಗಾವಿ ಕಡೆಯವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮುಲುಂಡ್ ಕಾರ್ಕಳದವಳು, ಮೀನಿಲ್ಲದ ಊಟ ಅವಳಿಗೆ ಊಟವೇ ಅಲ್ಲ. ಘಾಟ್ಕೋಪರ್ ಹುಬ್ಬಳ್ಳಿಯವಳು. ಅವಳಿಗೆ ಕ್ರಿಕೆಟ್ ಹುಚ್ಚು, ಟೆಸ್ಟ್ ಮ್ಯಾಚ್ ಇದ್ದರೆ ಆಫೀಸಿನಲ್ಲೂ ಒಂದು ಕಿವಿಯಲ್ಲಿ ಇಯರ್‌ಫೋನ್. ನನ್ನ ಊರು ಕುಂದಾಪುರ. ಲೆಕ್ಕ ಬರೆಯುವುದು ನನ್ನ ಕೆಲಸ, ಮನೆಯಲ್ಲೂ ಆಫೀಸಿನಲ್ಲೂ.

ಈ ನಾಲ್ವರು ಒಂಬತ್ತು ರಾತ್ರಿ ಜಪಾನ್ ಸುತ್ತಿ, ಯಾರೂ ಯಾರ ಮಾತೂ ಬಿಡದೆ ವಾಪಸ್ ಬಂದೆವು. ಹೇಗೆ ಮಾಡಿದಿರಿ ಎಂದು ಡಬ್ಬಾದಲ್ಲಿ ದಿನಾ ಒಬ್ಬರಾದರೂ ಕೇಳುತ್ತಾರೆ. ಠಾಣೆಯಿಂದ ಕುರ್ಲಾ ಬರುವುದರೊಳಗೆ ಹೇಳಿ ಮುಗಿಯುವ ವಿಷಯವಲ್ಲ. ಅದಕ್ಕೆ ಬರೆದೇ ಬಿಟ್ಟೆ.

ದುಡ್ಡು ಎಲ್ಲಿಂದ ಬಂತು ಎನ್ನುವುದು ಮೊದಲ ಪ್ರಶ್ನೆ. ಭಿಶಿ. ಊರಲ್ಲಿ ಚೀಟಿ ಅನ್ನುತ್ತೇವಲ್ಲ, ಅದೇ. ಮೂರು ವರ್ಷ ತಿಂಗಳಿಗೆ ತಲಾ ಐದು ಸಾವಿರ ಹಾಕಿದೆವು, ಯಾರೂ ಮಧ್ಯೆ ಎತ್ತುವ ಹಾಗಿಲ್ಲ ಅನ್ನುವ ಕರಾರಿನ ಮೇಲೆ. ಒಟ್ಟು ತಲೆಗೆ ಸುಮಾರು 1,85,000 ರೂಪಾಯಿ ಆಯಿತು, ವಿಮಾನ ಸೇರಿ. ನಾವು ಹೋದಾಗ ಒಂದು ಯೆನ್ ಎಂದರೆ 60 ಪೈಸೆ ಹತ್ತಿರ. ಲೆಕ್ಕ ಸುಲಭ: ಯೆನ್ ಬೆಲೆಯನ್ನು ಅರ್ಧ ಮಾಡಿ, ಸ್ವಲ್ಪ ಸೇರಿಸಿ.

ಮ್ಯಾಚ್ ದಿನ ಮೊದಲು ಗುರುತಿಸಿ

ಎಲ್ಲರೂ ಮಾಡುವುದೇನು? ಟಿಕೆಟ್ ಅಗ್ಗ ಇದ್ದ ದಿನ ನೋಡಿ ವಿಮಾನ ಬುಕ್ ಮಾಡುತ್ತಾರೆ, ಆಮೇಲೆ ಟೋಕಿಯೊ, ಕ್ಯೋಟೋ, ಒಸಾಕಾ ಹಂಚುತ್ತಾರೆ, ಕೊನೆಗೆ ಸಮಯ ಉಳಿದರೆ ಬೇಸ್‌ಬಾಲ್. ಸಮಯ ಉಳಿಯುವುದಿಲ್ಲ. ಉಳಿದರೂ ಆ ದಿನ ತಂಡ ಬೇರೆ ಊರಿನಲ್ಲಿರುತ್ತದೆ. ದೇವಸ್ಥಾನ ಎಲ್ಲಿಗೂ ಓಡಿಹೋಗುವುದಿಲ್ಲ, ಮ್ಯಾಚ್ ಮಾತ್ರ ಒಂದೇ ದಿನ. ಆದ್ದರಿಂದ ಮ್ಯಾಚ್ ಗೂಟ ಮೊದಲು ನೆಡಿ, ಉಳಿದ ಪ್ರವಾಸವನ್ನು ಅದಕ್ಕೆ ಕಟ್ಟಿ.

ಜಪಾನಿನ ಪ್ರೊಫೆಷನಲ್ ಬೇಸ್‌ಬಾಲ್‌ನಲ್ಲಿ 12 ತಂಡಗಳು. ಸೆಂಟ್ರಲ್ ಲೀಗಿನಲ್ಲಿ ಆರು, ಪೆಸಿಫಿಕ್ ಲೀಗಿನಲ್ಲಿ ಆರು. ಮಾರ್ಚ್ ಕೊನೆಗೆ ಶುರುವಾಗಿ ಅಕ್ಟೋಬರ್ ಆರಂಭದವರೆಗೆ ಆಡುತ್ತಾರೆ. ಸಾಮಾನ್ಯವಾಗಿ ಒಂದು ಊರಿನಲ್ಲಿ ಒಂದೇ ಎದುರಾಳಿಯ ಜೊತೆ ಮೂರು ದಿನ: ಮಂಗಳವಾರದಿಂದ ಗುರುವಾರ, ಶುಕ್ರವಾರದಿಂದ ಭಾನುವಾರ. ಸೋಮವಾರ ಹೆಚ್ಚಾಗಿ ರಜೆ. ಇದು ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ.

ಯಾವ ತಿಂಗಳು? ಏಪ್ರಿಲ್ ಮೊದಲ ವಾರ ಹೋದರೆ ಚೆರ್ರಿ ಹೂವೂ ಸಿಗಬಹುದು, ಆದರೆ ಹೋಟೆಲ್ ದರ ಮುಗಿಲು ಮುಟ್ಟಿರುತ್ತದೆ. ಏಪ್ರಿಲ್ 29ರಿಂದ ಮೇ 5ರ ಆಸುಪಾಸು ಗೋಲ್ಡನ್ ವೀಕ್, ಇಡೀ ಜಪಾನ್ ರಸ್ತೆಗಿಳಿದಿರುತ್ತದೆ. ಆಗ ಹೋಗಲೇಬೇಡಿ. ಆಗಸ್ಟ್‌ನಲ್ಲಿ ಸೆಕೆ, ನಮ್ಮ ಮುಂಬೈ ಅಕ್ಟೋಬರ್‌ನ ಅಪ್ಪ. ನಾವು ಹೋದದ್ದು ಮೇ ಮಧ್ಯದಲ್ಲಿ. ಗಾಳಿ ತಂಪು, ಬಿಸಿಲು ಹಿತ, ಸಂಜೆ ಒಂದು ಶಾಲು ಸಾಕು.

ಟೋಕಿಯೊದಲ್ಲಿ ಎರಡು ದೊಡ್ಡ ಮೈದಾನ. ಟೋಕಿಯೊ ಡೋಮ್ 1988ರಲ್ಲಿ ಆದದ್ದು, ಯೋಮಿಯುರಿ ಜೈಂಟ್ಸ್ ತಂಡದ ಮನೆ. ಮೇಲೆ ಮುಚ್ಚಿದೆ, ಮಳೆ ಬಂದರೂ ಚಿಂತೆ ಇಲ್ಲ. ಇನ್ನೊಂದು ಮೇಜಿ ಜಿಂಗು ಸ್ಟೇಡಿಯಂ. 1926ರದ್ದು, ಬಯಲು ಮೈದಾನ, ಯಾಕುಲ್ಟ್ ಸ್ವಾಲೋಸ್ ತಂಡದ ಮನೆ. ಅಮೆರಿಕದ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ 1934ರಲ್ಲಿ ಬಂದು ಆಡಿದ ಜಾಗ. ನನ್ನನ್ನು ಕೇಳಿದರೆ ಜಿಂಗು. ಹಳೆಯದಾಗಿದೆ, ಸೀಟು ಇಕ್ಕಟ್ಟು, ಆದರೆ ಸಂಜೆ ಆಕಾಶ ಕೆಂಪಾಗುವಾಗ ದೀಪ ಹತ್ತುತ್ತದಲ್ಲ, ಅದು ಡೋಮಿನಲ್ಲಿ ಎಲ್ಲಿ ಸಿಗಬೇಕು? ಇದನ್ನು ಕೆಡವಿ ಹೊಸದು ಕಟ್ಟುವ ಯೋಜನೆ ಇದೆ. ಬೇಗ ಹೋದವರಿಗೆ ಹಳೆಯದು ಸಿಕ್ಕೀತು.

ಒಸಾಕಾ ಕಡೆಗೆ ಹೋಗುವವರಿಗೆ ಕೋಶಿಯೆನ್. 1924ರ ಮೈದಾನ, ಹಾನ್ಶಿನ್ ಟೈಗರ್ಸ್ ತಂಡದ್ದು. ಟಿಕೆಟ್ ಸಿಗುವುದು ಕಷ್ಟ. ಆಗಸ್ಟ್‌ನಲ್ಲಿ ಅಲ್ಲಿ ಹೈಸ್ಕೂಲ್ ಹುಡುಗರ ರಾಷ್ಟ್ರೀಯ ಟೂರ್ನಿ ನಡೆಯುತ್ತದೆ, ಟೈಗರ್ಸ್ ತಂಡವೇ ಮನೆ ಬಿಟ್ಟು ಬೇರೆ ಊರುಗಳಲ್ಲಿ ಆಡುತ್ತದೆ. ಸೋತ ಹುಡುಗರು ಅಳುತ್ತಾ ಆ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಇದನ್ನು ಹೇಳಿದಾಗ ಮುಲುಂಡ್‌ನ ಕಣ್ಣು ತುಂಬಿತು. ಅವಳ ಮಗ ಅಂಡರ್ ಸಿಕ್ಸ್‌ಟೀನ್ ಸೆಲೆಕ್ಷನ್‌ನಲ್ಲಿ ಎರಡು ಸಲ ಹೊರಬಿದ್ದವನು.

ಟಿಕೆಟನ್ನು ತಂಡದ ಅಧಿಕೃತ ವೆಬ್‌ಸೈಟ್‌ನಲ್ಲೇ ತೆಗೆಯಿರಿ. ದೊಡ್ಡ ತಂಡಗಳಿಗೆ ಇಂಗ್ಲಿಷ್ ಪುಟ ಇದೆ. ನಾವು ಮೊದಲು ಒಂದು ಮರುಮಾರಾಟದ ವೆಬ್‌ಸೈಟ್ ನೋಡಿ ಅದೇ ಬೆಲೆ ಅಂದುಕೊಂಡಿದ್ದೆವು. ಎರಡು ಪಟ್ಟು ಹೇಳಿದ್ದರು. ಅಧಿಕೃತ ಪುಟದಲ್ಲಿ ಔಟ್‌ಫೀಲ್ಡ್ ಸೀಟಿಗೆ ತಲೆಗೆ ಸುಮಾರು 3,000 ಯೆನ್ ಬಿತ್ತು.

ಸೀಟು ಆರಿಸುವಾಗ ಒಂದು ಮಾತು. "ಒಳ್ಳೆ ವ್ಯೂ" ಎಂದು ಬ್ಯಾಟ್ಸ್‌ಮನ್ ಹಿಂದಿನ ದುಬಾರಿ ಸೀಟು ತೆಗೆಯಬೇಡಿ. ಅಲ್ಲಿ ಆಟ ಕಾಣುತ್ತದೆ, ಹಬ್ಬ ಕಾಣುವುದಿಲ್ಲ. ಹಬ್ಬ ಇರುವುದು ಔಟ್‌ಫೀಲ್ಡ್‌ನಲ್ಲಿ. ಜಿಂಗುವಿನಲ್ಲಿ ಬಲಗಡೆ ಸ್ವಾಲೋಸ್ ಅಭಿಮಾನಿಗಳು, ಎಡಗಡೆ ಎದುರಾಳಿಯವರು. ಬಲಗಡೆ ತೆಗೆಯಿರಿ.

ವೀಸಾ, ಚೀಲ, ಮಾತ್ರೆ

ಭಾರತೀಯರಿಗೆ ಈಗ ಜಪಾನ್ ಇ-ವೀಸಾ ಇದೆ, ಅರ್ಜಿ ಮಾತ್ರ ವಿಎಫ್ಎಸ್ ಎನ್ನುವ ವೀಸಾ ಅರ್ಜಿ ಕೇಂದ್ರದ ಮೂಲಕ. ಬ್ಯಾಂಕ್ ಸ್ಟೇಟ್‌ಮೆಂಟ್, ಇನ್‌ಕಂ ಟ್ಯಾಕ್ಸ್ ರಿಟರ್ನ್, ಆಫೀಸಿನ ಪತ್ರ, ಯಾವ ದಿನ ಎಲ್ಲಿ ಇರುತ್ತೀರಿ ಎನ್ನುವ ಪಟ್ಟಿ. ಪಟ್ಟಿಯಲ್ಲಿ ಮ್ಯಾಚ್ ದಿನವನ್ನೂ ಬರೆದಿದ್ದೆ.

ಇ-ವೀಸಾದಲ್ಲಿ ಒಂದು ಕೊಕ್ಕೆ ಇದೆ. ಅದರ ಸೂಚನಾ ಪುಟವನ್ನು ವಿಮಾನ ನಿಲ್ದಾಣದಲ್ಲಿ ಫೋನಿನಲ್ಲಿ ಇಂಟರ್ನೆಟ್ ಇಟ್ಟುಕೊಂಡೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ಔಟ್ ನಡೆಯುವುದಿಲ್ಲ. ಠಾಣೆ ನಾಲ್ಕು ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಬೇರೆ ಮಾಡಿಸಿದ್ದಳು. ಆದ್ದರಿಂದ ರೋಮಿಂಗ್ ಪ್ಯಾಕ್ ಅಥವಾ ಇ-ಸಿಮ್ ಅನ್ನು ಮುಂಬೈನಲ್ಲೇ ಹಾಕಿಸಿಕೊಳ್ಳಿ. ಜೊತೆಗೆ ವಿಸಿಟ್ ಜಪಾನ್ ವೆಬ್ ಎನ್ನುವ ಸರಕಾರಿ ತಾಣದಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ವಿವರ ತುಂಬಿದರೆ ಒಂದು ಕ್ಯೂಆರ್ ಕೋಡ್ ಸಿಗುತ್ತದೆ, ಇಳಿದ ಮೇಲೆ ಕೆಲಸ ಬೇಗ.

ಶೀತದ ಮಾತ್ರೆ ಎತ್ತಿಕೊಳ್ಳುವ ಮುಂಚೆ ಪಟ್ಟಿ ಓದಿ. ಸುಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇರುವ ಔಷಧಿ ಅಲ್ಲಿ ನಿಷಿದ್ಧ. ಹಸಿ ಹಣ್ಣು, ಕರಿಬೇವಿನ ಕಟ್ಟು, ಮಾಂಸದ ತಿಂಡಿ ಯಾವುದೂ ಬೇಡ. ಪ್ಲಗ್ ಎರಡು ಚಪ್ಪಟೆ ಕಡ್ಡಿಯದು, ಕರೆಂಟು 100 ವೋಲ್ಟ್. ಫೋನ್ ಚಾರ್ಜರ್ ನಡೆಯುತ್ತದೆ. ನಮ್ಮ ಮನೆಯ ಹೀಟರ್ ಕಡ್ಡಿ ನಡೆಯುವುದಿಲ್ಲ. ಹೇಗಿದ್ದರೂ ಹೋಟೆಲ್ ರೂಮಿನಲ್ಲಿ ಕೆಟಲ್ ಇರುತ್ತದೆ.

ಸೂಟ್‌ಕೇಸ್ ಚಿಕ್ಕದಿರಲಿ. ಟೋಕಿಯೊದ ಹೋಟೆಲ್ ರೂಮಿನಲ್ಲಿ ಎರಡು ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲು ಜಾಗ ಇರುವುದಿಲ್ಲ. ನಾನು ಬಿಚ್ಚಿದಾಗ ಘಾಟ್ಕೋಪರ್ ಮಂಚದ ಮೇಲೆ ಕಾಲೆತ್ತಿ ಕೂರಬೇಕಿತ್ತು.

ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು

ಟೋಕಿಯೊದಲ್ಲಿ ಉಯೆನೋ ಸ್ಟೇಷನ್ ಹತ್ತಿರ ಉಳಿದೆವು. ಇದು ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ, ಹೇಳಿಕೊಳ್ಳಲು ನಾಚಿಕೆ ಇಲ್ಲ. ನರಿತಾ ವಿಮಾನ ನಿಲ್ದಾಣದಿಂದ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯಲ್ಲಿ ಉಯೆನೋಗೆ ತಂದು ಬಿಡುತ್ತದೆ. ಅಲ್ಲಿಂದ ಗಿಂಜಾ ಲೈನ್ ಎನ್ನುವ ಮೆಟ್ರೊ ಹಿಡಿದರೆ ಒಂದು ಕಡೆ ಮೂರೇ ಸ್ಟೇಷನ್‌ಗೆ ಅಸಾಕುಸಾ, ಅಂದರೆ ಸೆನ್ಸೋಜಿ ದೇವಾಲಯ. ಇನ್ನೊಂದು ಕಡೆ ನೇರವಾಗಿ ಗಾಯೆನ್‌ಮಾಯೆ, ಅಂದರೆ ಜಿಂಗು ಸ್ಟೇಡಿಯಂ. ಗಾಡಿ ಬದಲಿಸುವ ಕೆಲಸವೇ ಇಲ್ಲ. 1927ರಲ್ಲಿ ಶುರುವಾದ ಲೈನ್ ಇದು, ಅದೂ ಇದೇ ಉಯೆನೋ ಮತ್ತು ಅಸಾಕುಸಾ ನಡುವೆ.

ಉಯೆನೋ ಪಾರ್ಕನ್ನು ಬಿಡಬೇಡಿ. ಅಲ್ಲಿ ಶಿನೊಬಾಜು ಕೊಳದ ಮಧ್ಯೆ ಬೆಂಜಾಯ್‌ಟೆನ್ ದೇವಿಯ ಗುಡಿ ಇದೆ. ಯಾರವಳು? ನಮ್ಮ ಸರಸ್ವತಿಯೇ. ಬೌದ್ಧರ ಜೊತೆ ಚೀನಾ ದಾಟಿ ಜಪಾನಿಗೆ ಹೋದವಳು. ವೀಣೆ ಬದಲು ಬಿವಾ ಎನ್ನುವ ತಂತಿವಾದ್ಯ ಹಿಡಿಯುತ್ತಾಳೆ. ಅದೇ ಪಾರ್ಕಿನಲ್ಲಿ ಒಂದು ಪುಟ್ಟ ಬೇಸ್‌ಬಾಲ್ ಮೈದಾನವೂ ಇದೆ, ಹೈಕು ಕವಿ ಮಸಾವೊಕಾ ಶಿಕಿಯ ಹೆಸರಿನಲ್ಲಿ. 1902ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಆ ಕವಿಗೆ ಬೇಸ್‌ಬಾಲ್ ಎಂದರೆ ಪ್ರಾಣ. ಸರಸ್ವತಿಗೂ ಬೇಸ್‌ಬಾಲ್‌ಗೂ ಒಂದೇ ಪಾರ್ಕಿನಲ್ಲಿ ಕೈ ಮುಗಿದು ಬಂದೆವು.

ಓಡಾಡಲು ಸುಯಿಕಾ ಅಥವಾ ಪಾಸ್ಮೊ ಕಾರ್ಡು. ದುಡ್ಡು ತುಂಬಿ, ಗೇಟಿನಲ್ಲಿ ಮುಟ್ಟಿಸಿ, ನಡೆಯಿರಿ. ಐಫೋನ್ ಇದ್ದವರು ವಾಲೆಟ್‌ನಲ್ಲೇ ಹಾಕಿಕೊಳ್ಳಬಹುದು. ಇದೇ ಕಾರ್ಡು ಅಂಗಡಿಯಲ್ಲೂ ನಡೆಯುತ್ತದೆ. ಆದರೂ ನಗದು ಇಟ್ಟುಕೊಳ್ಳಿ. ಚಿಕ್ಕ ಊಟದಂಗಡಿ, ದೇವಸ್ಥಾನದ ಟಿಕೆಟ್ ಕೌಂಟರ್‌ಗೆ ನೋಟೇ ಬೇಕಾದೀತು. ಸೆವೆನ್-ಇಲೆವೆನ್ ಅಂಗಡಿಯ ಎಟಿಎಂನಲ್ಲಿ ನಮ್ಮ ಕಾರ್ಡು ನಡೆಯಿತು.

ಏಳು ದಿನದ ಜೆಆರ್, ಅಂದರೆ ಜಪಾನ್ ರೈಲ್ವೆ, ಪಾಸ್ ತೆಗೆಯಿರಿ ಎಂದು ಹಳೆಯ ಸಲಹೆ ಕೊಡುವವರು ಇನ್ನೂ ಇದ್ದಾರೆ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೋಗೆ ಶಿಂಕಾನ್ಸೆನ್ ಬುಲೆಟ್ ರೈಲಿನ ಬಿಡಿ ಟಿಕೆಟ್ ಸುಮಾರು 14,000 ಯೆನ್. ಟೋಕಿಯೊದಲ್ಲಿ ಇಳಿದು ಒಸಾಕಾದಿಂದ ವಾಪಸ್ ಹಾರಿದರೆ ಒಂದೇ ಸಲ ಸಾಕು. ಲೆಕ್ಕ ನೀವೇ ಮಾಡಿ. ನಾವೂ ಹಾಗೇ ಮಾಡಿದೆವು: ಟೋಕಿಯೊ ನಾಲ್ಕು ರಾತ್ರಿ, ಕ್ಯೋಟೋ ಮೂರು, ಒಸಾಕಾ ಎರಡು.

ಶಿಂಕಾನ್ಸೆನ್‌ನಲ್ಲಿ ಸಾಮಾನ್ಯ ಬೋಗಿಯ ಇ ಸೀಟು ಕೇಳಿ. ಟೋಕಿಯೊ ಬಿಟ್ಟು ಮುಕ್ಕಾಲು ಗಂಟೆಗೆ ಬಲಗಡೆ ಫುಜಿ ಪರ್ವತ, ಮೋಡ ಇಲ್ಲದಿದ್ದರೆ. ನಮಗೆ ಮೋಡ ಇತ್ತು. ಬುಡ ಕಂಡಿತು, ತಲೆ ಕಾಣಲಿಲ್ಲ. ದೊಡ್ಡ ಚೀಲ ಇದ್ದರೆ, ಅಂದರೆ ಉದ್ದ ಅಗಲ ಎತ್ತರ ಕೂಡಿ 160 ಸೆಂಟಿಮೀಟರ್ ದಾಟಿದರೆ, ಜಾಗವನ್ನು ಮೊದಲೇ ಕಾದಿರಿಸಬೇಕು. ಇದಕ್ಕಿಂತ ಸುಲಭದ್ದು ತಕ್ಯೂಬಿನ್. ಹೋಟೆಲ್ ಕೌಂಟರ್‌ನಲ್ಲಿ ಸೂಟ್‌ಕೇಸ್ ಕೊಟ್ಟರೆ ಮರುದಿನ ಕ್ಯೋಟೋದ ಹೋಟೆಲಿನಲ್ಲಿ ಇರುತ್ತದೆ. ಒಂದಕ್ಕೆ 2,500 ಯೆನ್ ಆಸುಪಾಸು ಕೊಟ್ಟೆವು. ಮುಲುಂಡ್ ಆ ರಾತ್ರಿ ನಿದ್ದೆ ಮಾಡಲಿಲ್ಲ. "ಯಾರದೋ ಕೈಗೆ ಕೊಟ್ಟು ಬಂದೆವಲ್ಲ ಮಾರಾಯ್ತಿ, ಎರಡು ಕಾಂಜೀವರಂ ಇದೆ ಅದರಲ್ಲಿ." ಜಪಾನಿಗೆ ಕಾಂಜೀವರಂ ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ಸೀರೆ ನಮಗಿಂತ ಮುಂಚೆ ತಲುಪಿತ್ತು.

ಮುಂಬೈ ಲೋಕಲ್ ಹತ್ತಿದವರಿಗೆ ಟೋಕಿಯೊ ರಶ್ ಏನೂ ಅಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಇಳಿಯುವವರನ್ನು ಇಳಿಯಲು ಬಿಡುತ್ತಾರೆ. ಗಾಡಿಯಲ್ಲಿ ಫೋನ್ ಮಾತಿಲ್ಲ, ಜೋರು ನಗು ಇಲ್ಲ. ನಾವು ನಾಲ್ವರು ಹತ್ತಿದರೆ ಡಬ್ಬಾವೇ ತಿರುಗಿ ನೋಡುತ್ತಿತ್ತು. ಎಸ್ಕಲೇಟರ್‌ನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಲೇಡೀಸ್ ಡಬ್ಬಾ ಅಲ್ಲೂ ಇದೆ! ಟೋಕಿಯೊದ ಹಲವು ಲೈನ್‌ಗಳಲ್ಲಿ ವಾರದ ದಿನಗಳ ಬೆಳಗಿನ ರಶ್ ಹೊತ್ತಿಗೆ. ಪ್ಲಾಟ್‌ಫಾರ್ಮ್ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು ನೋಡಿ ನಿಲ್ಲಿ.

ಒಬ್ಬರಿಂದೊಬ್ಬರು ತಪ್ಪಿಸಿಕೊಂಡರೆ ಏನು ಮಾಡಬೇಕು ಎನ್ನುವುದನ್ನು ಹೊರಡುವ ಮುಂಚೆಯೇ ತೀರ್ಮಾನ ಮಾಡಿ. ನಮ್ಮ ನಿಯಮ ಲೋಕಲ್‌ನದ್ದೇ: ಗಾಡಿ ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ಕಾಯಬೇಕು, ಉಳಿದವಳು ಮುಂದಿನ ಗಾಡಿಯಲ್ಲಿ ಬರಬೇಕು. ಶಿಂಜುಕುವಿನಲ್ಲಿ ಮುಲುಂಡ್ ಹೀಗೆ ಉಳಿದಳು. ನಿಯಮ ನೆನಪಿಟ್ಟಳು, ಆದರೆ ಎದುರು ದಿಕ್ಕಿನ ಗಾಡಿ ಹತ್ತಿದಳು. ನಲವತ್ತು ನಿಮಿಷ ಹೋಯಿತು.

ಠಾಣೆಯ ಹೊಟ್ಟೆ

ಗುಂಪಿನಲ್ಲಿ ಒಬ್ಬರು ಶಾಕಾಹಾರಿ ಇದ್ದರೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಜಪಾನಿನಲ್ಲಿ ತರಕಾರಿ ಊಟ ಕಾಣುತ್ತದೆ, ಆದರೆ ಅದರ ಸಾರು ದಾಶಿ. ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನದ್ದು. ಊದೋನ್ ನೂಡಲ್ಸ್ ಬಟ್ಟಲನ್ನು ಮೂಸಿ ಮುಲುಂಡ್ ಒಂದೇ ಮಾತು ಹೇಳಿದಳು: "ಒಣಮೀನು." ಅವಳ ಮೂಗೇ ನಮ್ಮ ಲ್ಯಾಬೊರೇಟರಿ. ಮಾಂಸ ಬೇಡ ಎಂದರೆ ಸಾಲದು, ಮೀನು, ದಾಶಿ ಮೂರೂ ಹೇಳಬೇಕು. ಈ ಎರಡು ವಾಕ್ಯ ಬಾಯಿಪಾಠ ಮಾಡಿ: "ನಿಕು ಮೊ ಸಕಾನಾ ಮೊ ತಾಬೆಮಾಸೆನ್. ದಾಶಿ ಮೊ ದಾಮೆ ದೆಸ್." ಜಪಾನಿ ಲಿಪಿಯಲ್ಲಿ ಬರೆದ ಚೀಟಿಯೂ ಪರ್ಸಿನಲ್ಲಿರಲಿ.

ಟೋಕಿಯೊ ಸ್ಟೇಷನ್‌ನ ಗೇಟಿನ ಒಳಗೆ ಟೀಸ್ ತಾನ್‌ತಾನ್ ಎನ್ನುವ ಪೂರ್ತಿ ಸಸ್ಯಾಹಾರಿ ರಾಮೆನ್ ನೂಡಲ್ಸ್ ಅಂಗಡಿ ಇದೆ. ಎಳ್ಳಿನ ಗಟ್ಟಿ ಸಾರು. ಠಾಣೆ ಅಲ್ಲಿ ಬಟ್ಟಲೆತ್ತಿ ಕುಡಿದಳು. ಕ್ಯೋಟೋದಲ್ಲಿ ಬೌದ್ಧ ಮಠದ ಶೋಜಿನ್ ಊಟ ಸಿಗುತ್ತದೆ, ತೋಫು ಮತ್ತು ತರಕಾರಿ. ದುಬಾರಿ, ಆದರೆ ಒಂದು ಸಲ ತಿನ್ನಬೇಕು. ಉಳಿದ ದಿನ ಅಂಗಡಿಯ ಬಾಳೆಹಣ್ಣು, ಮೊಸರು, ಬ್ರೆಡ್ಡು, ಉಮೆ ಎಂಬ ಉಪ್ಪಿನ ಹುಳಿಹಣ್ಣು ತುಂಬಿದ ಅನ್ನದ ಉಂಡೆ. ಅದರಲ್ಲೂ ಕೆಲವಕ್ಕೆ ಮೀನಿನ ಸತ್ವ ಸೇರಿಸುತ್ತಾರೆ, ಫೋನ್ ಕ್ಯಾಮೆರಾದಲ್ಲಿ ಅನುವಾದ ಮಾಡಿ ಓದಿ. ರಾತ್ರಿ ರೂಮಿಗೆ ಬಂದು ಕೆಟಲ್ ನೀರು ಕಾಯಿಸಿ, ನಾನು ಒಯ್ದ ಉಪ್ಪಿಟ್ಟಿನ ಪ್ಯಾಕೆಟ್‌ಗೆ ಸುರಿಯುವುದು. ಮೇಲೆ ಶೇಂಗಾ ಚಟ್ನಿಪುಡಿ. ನಾಲ್ಕನೇ ದಿನಕ್ಕೆ ಮುಲುಂಡ್ ಕೂಡ ಅದರಲ್ಲೇ ಪಾಲು ಕೇಳಿದಳು.

ಮ್ಯಾಚ್ ಸಂಜೆ

ಮ್ಯಾಚನ್ನು ಬಂದ ದಿನವೇ ಇಟ್ಟುಕೊಳ್ಳಬೇಡಿ. ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಅವರ ಬೆಳಿಗ್ಗೆ ಆರು ನಮಗೆ ನಡುರಾತ್ರಿ ಎರಡೂವರೆ. ನಾವು ಮೂರನೇ ದಿನ ಇಟ್ಟೆವು. ಹಗಲಿಗೆ ಏನೂ ಭಾರ ಇಡಲಿಲ್ಲ. ಶಿಂಜುಕುವಿನಲ್ಲಿ ಟೋಕಿಯೊ ಸರಕಾರಿ ಕಟ್ಟಡದ 202 ಮೀಟರ್ ಎತ್ತರದ ವೀಕ್ಷಣಾಲಯ ಪುಕ್ಕಟೆ, ಅದನ್ನು ನೋಡಿ ಒಂದು ನಿದ್ದೆ ತೆಗೆದು ನಾಲ್ಕೂವರೆಗೆ ಹೊರಟೆವು. ಆಟ ಆರಕ್ಕೆ.

ಗಾಯೆನ್‌ಮಾಯೆಯಲ್ಲಿ ಇಳಿದರೆ ದಾರಿ ಕೇಳುವುದು ಬೇಡ, ಜರ್ಸಿ ಹಾಕಿದವರ ಹಿಂದೆ ನಡೆಯಿರಿ. ಹೊರಗಿನ ತಿಂಡಿ ಒಯ್ಯಬಹುದು. ಡಬ್ಬಿ, ಗಾಜಿನ ಬಾಟಲಿ ಬಿಡುವುದಿಲ್ಲ, ಗೇಟಿನಲ್ಲೇ ಕಾಗದದ ಲೋಟಕ್ಕೆ ಸುರಿದು ಕೊಡುತ್ತಾರೆ. ಒಳಗೆ ಹೋಗುವ ಮೊದಲು ತಂಡದ ಅಂಗಡಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಕೊಡೆ ಕೊಳ್ಳಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಬಣ್ಣದ ವಿಷಯ ಒಂದು. ಆ ದಿನ ಎದುರಾಳಿ ಹಾನ್ಶಿನ್ ಟೈಗರ್ಸ್. ಅವರ ಬಣ್ಣ ಹಳದಿ ಕಪ್ಪು. ನಮ್ಮ ಠಾಣೆ ಆ ದಿನವೇ ನೋಡಿ ಅರಿಶಿನ ಹಳದಿ ಕುರ್ತಾ, ಕಪ್ಪು ದುಪಟ್ಟಾ. ಸ್ವಾಲೋಸ್ ಅಭಿಮಾನಿಗಳ ನಡುವೆ ಹೋಗಿ ಕೂತಳು. ಅಕ್ಕಪಕ್ಕದವರು ಮೊದಲು ನೋಡಿದರು, ಆಮೇಲೆ ನಕ್ಕರು. ಹಿಂದಿನ ಸಾಲಿನ ಅಜ್ಜಿ ತನ್ನ ಹಸಿರು ಟವೆಲ್ ತೆಗೆದು ಅವಳ ಹೆಗಲಿಗೆ ಹೊದೆಸಿದರು, ಹೂವು ಮುಡಿಸುವ ಹಾಗೆ ಜೋಪಾನವಾಗಿ. ಎದುರಾಳಿ ತಂಡದ ಬಟ್ಟೆ ಆತಿಥೇಯರ ಔಟ್‌ಫೀಲ್ಡ್‌ನಲ್ಲಿ ನಿಷಿದ್ಧ. ಕುರ್ತಾ ಆದದ್ದರಿಂದ ಬಚಾವ್.

ಆಟ ಗೊತ್ತಿಲ್ಲ ಎಂದು ಹೆದರಬೇಡಿ. ಘಾಟ್ಕೋಪರ್ ಹತ್ತು ನಿಮಿಷದಲ್ಲಿ ಹೀಗೆ ಕಲಿಸಿದಳು. ಒಂಬತ್ತು ಇನಿಂಗ್ಸ್. ಒಂದೊಂದರಲ್ಲೂ ಎರಡೂ ತಂಡಕ್ಕೆ ಒಂದೊಂದು ಬ್ಯಾಟಿಂಗ್, ಮೂರು ಔಟ್ ಆದರೆ ಪಾಳಿ ಮುಗಿಯಿತು. ಬೌಲರ್ ಅಂದರೆ ಪಿಚರ್, 18.44 ಮೀಟರ್ ದೂರದಿಂದ ಎಸೆಯುತ್ತಾನೆ. ನಮ್ಮ ಪಿಚ್ 20.12 ಮೀಟರ್. ಚೆಂಡು ನೆಲ ಮುಟ್ಟುವುದಿಲ್ಲ, ಎಲ್ಲ ಫುಲ್ ಟಾಸ್. ಹೊಡೆಯಬಹುದಾದ ಜಾಗಕ್ಕೆ ಬಂದದ್ದನ್ನು ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಸ್ಟ್ರೈಕ್, ಮೂರಾದರೆ ಔಟ್. ಹೊರಗೆ ಹೋದದ್ದನ್ನು ಬಿಟ್ಟರೆ ಬಾಲ್, ನಾಲ್ಕಾದರೆ ಮೊದಲ ಬೇಸ್ (ರನ್ನಿಗಾಗಿ ಸುತ್ತಿ ಬರುವ ನಾಲ್ಕು ಮೂಲೆಗಳಲ್ಲಿ ಮೊದಲನೆಯದು) ಪುಕ್ಕಟೆ. ಹಿಂದಕ್ಕೆ ಅಥವಾ ಪಕ್ಕಕ್ಕೆ ಹೊಡೆದರೆ ಫೌಲ್, ರನ್ ಇಲ್ಲ. ಲೇಟ್ ಕಟ್ ಇಲ್ಲಿ ವ್ಯರ್ಥ. ಬೇಲಿ ದಾಟಿಸಿದರೆ ಹೋಮ್ ರನ್.

ನಾನು ಕೇಳಿದೆ, ಚೆಂಡು ಫೀಲ್ಡರ್ ಹತ್ತಿರವೇ ಹೋದರೆ ಸುಮ್ನೆ ನಿಲ್ಲಬಹುದಲ್ವಾ, ಕ್ರಿಕೆಟ್‌ನ ಹಾಗೆ?

"ಇಲ್ಲವಾ. ಒಳಗ ಹೊಡದ್ರ ಓಡಾಕಬೇಕು. ನಿಂತು ನೋಡೂ ಹಂಗಿಲ್ಲ."

ಅಷ್ಟು ಸಾಕು. ಉಳಿದದ್ದು ನೋಡುತ್ತ ಗೊತ್ತಾಗುತ್ತದೆ. 12 ಇನಿಂಗ್ಸ್ ಆದರೂ ಸಮ ಇದ್ದರೆ ಡ್ರಾ. ಇದು ಕೇಳಿ ಟೆಸ್ಟ್ ಅಭಿಮಾನಿ ಘಾಟ್ಕೋಪರ್‌ಗೆ ಆ ದೇಶದ ಮೇಲೆ ಗೌರವ ಜಾಸ್ತಿಯಾಯಿತು.

ಈಗ ಹಬ್ಬದ ಮಾತು. ತಮ್ಮ ತಂಡ ಬ್ಯಾಟ್ ಮಾಡುವಾಗ ಮಾತ್ರ ಅಭಿಮಾನಿಗಳು ಎದ್ದು ಹಾಡುತ್ತಾರೆ. ತುತ್ತೂರಿ, ಡೋಲು, ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಹಾಡು. ಎದುರು ತಂಡದ ಸರದಿ ಬಂದರೆ ಈ ಕಡೆ ಕೂತು ತಿನ್ನುವುದು, ಆ ಕಡೆ ಗದ್ದಲ. ವಾನ್ಖೆಡೆಯಲ್ಲಿ ಎಲ್ಲರೂ ಎಲ್ಲ ಹೊತ್ತೂ ಕೂಗುತ್ತೇವೆ. ಇಲ್ಲಿ ಭಜನೆ ಮಂಡಳಿಗಳಂತೆ ಸರದಿ. ಯಕ್ಷಗಾನದ ಜೋಡಾಟ ನೋಡಿದ ನನಗೆ ಅದೇ ನೆನಪಾಯಿತು: ಎರಡು ಮೇಳ, ಎರಡು ರಂಗಸ್ಥಳ, ಪ್ರೇಕ್ಷಕರೂ ಎರಡು ಪಾಲು. ಪದಗಳು ಗೊತ್ತಿಲ್ಲದಿದ್ದರೆ ಚಪ್ಪಾಳೆಯ ಲಯ ಹಿಡಿಯಿರಿ. ಮೂರನೇ ಇನಿಂಗ್ಸ್‌ಗೆ ನಾಲಿಗೆಯೂ ತಿರುಗುತ್ತದೆ.

ಮೆಟ್ಟಿಲ ಮೇಲೆ ಬಿಯರ್ ಪೀಪಾಯಿ ಬೆನ್ನಿಗೆ ಕಟ್ಟಿಕೊಂಡು ಹುಡುಗಿಯರು ಓಡಾಡುತ್ತಾರೆ. ಕೈ ಎತ್ತಿದರೆ ಬಂದು, ಮಂಡಿಯೂರಿ, ಪೈಪಿನಿಂದ ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ. ಅಷ್ಟು ಭಾರ ಹೊತ್ತು ಮೂರು ಗಂಟೆ ಹತ್ತಿ ಇಳಿಯುವುದೇ ಒಂದು ಆಟ. ಠಾಣೆಗೆ ಎಡಮಾಮೆ ಸಿಕ್ಕಿತು: ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ. ಅವರೆಕಾಯಿಯ ಹಾಗೆ ಸಿಪ್ಪೆ ಹಿಂಡಿದರೆ ಕಾಳು ಬಾಯಿಗೆ ಹಾರುತ್ತದೆ. ದಾಶಿ ಇಲ್ಲ, ಮೂಸುವ ಕೆಲಸವಿಲ್ಲ.

ಫೌಲ್ ಚೆಂಡು ಪ್ರೇಕ್ಷಕರ ಕಡೆ ಬಂದರೆ ಸಿಬ್ಬಂದಿ ಸೀಟಿ ಊದುತ್ತಾರೆ. ಸೀಟಿ ಕೇಳಿದ ತಕ್ಷಣ ಫೋನ್ ಬಿಟ್ಟು ತಲೆ ಎತ್ತಿ.

ಇನ್ನು ಕೊಡೆ. ಸ್ವಾಲೋಸ್ ರನ್ ಹೊಡೆದಾಗಲೆಲ್ಲ, ಮತ್ತೆ ಏಳನೇ ಇನಿಂಗ್ಸ್‌ನಲ್ಲಿ ಒಂದು ಸಲ, "ಟೋಕಿಯೊ ಒಂದೋ" ಎನ್ನುವ ಹಳೆಯ ಹಬ್ಬದ ಹಾಡು ಹಚ್ಚುತ್ತಾರೆ. ಒಮ್ಮೆಲೇ ಸಾವಿರಾರು ಪುಟ್ಟ ಕೊಡೆಗಳು ಪಟಪಟ ಬಿಚ್ಚಿಕೊಳ್ಳುತ್ತವೆ. ಹಸಿರು, ಗುಲಾಬಿ, ನೀಲಿ. ಹಾಡಿಗೆ ಸರಿಯಾಗಿ ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದು ಕಾಲಕ್ಕೆ ಈ ತಂಡಕ್ಕೆ ಜನ ಕಡಿಮೆ ಬರುತ್ತಿದ್ದರಂತೆ. ಮನೆಯಲ್ಲಿ ಎಲ್ಲರ ಹತ್ತಿರವೂ ಕೊಡೆ ಇರುತ್ತದೆ, ತನ್ನಿ, ಸ್ಟ್ಯಾಂಡ್ ತುಂಬಿದ ಹಾಗೆ ಕಾಣುತ್ತದೆ ಎಂದು ಅಭಿಮಾನಿಗಳ ನಾಯಕನೊಬ್ಬ ಶುರು ಮಾಡಿದ್ದು ಎಂದು ಹೇಳುತ್ತಾರೆ. ನಾವು ನಾಲ್ವರೂ ಎದ್ದು ನಿಂತು ಬಿಚ್ಚಿದೆವು. ನನ್ನದು ಬಿಚ್ಚಲಿಲ್ಲ, ಗುಂಡಿ ಸಿಕ್ಕಿಕೊಂಡಿತು. ಹಿಂದಿನ ಅಜ್ಜಿ ಕಿತ್ತುಕೊಂಡು ಮೊಣಕಾಲಿಗೆ ಒಂದು ಬಡಿದು ಬಿಚ್ಚಿ ಕೊಟ್ಟರು. ಕೊಳ್ಳುವಾಗಲೇ ಒಂದು ಸಲ ಬಿಚ್ಚಿ ನೋಡಿ.

ನಿಜವಾದ ಮಳೆ ಬಂದರೆ ಮಾತ್ರ ಕೊಡೆ ಬಿಚ್ಚಬಾರದು, ಹಿಂದಿನವರಿಗೆ ಕಾಣುವುದಿಲ್ಲ. ಅದಕ್ಕೆ ರೈನ್‌ಕೋಟ್ ಒಯ್ಯಿರಿ. ಜೋರು ಮಳೆಯಿಂದ ಆಟ ರದ್ದಾದರೆ ಟಿಕೆಟ್ ಹಣ ವಾಪಸ್, ಆದರೆ ನಿಮ್ಮ ಸಂಜೆ ವಾಪಸ್ ಬರುವುದಿಲ್ಲ. ಹಾಗಾಗಿ ಮರುದಿನ ಸಂಜೆ ಖಾಲಿ ಇಟ್ಟಿದ್ದೆವು.

ಸ್ವಾಲೋಸ್ ಸೋತಿತು. ಯಾರೂ ಬಾಟಲಿ ಎಸೆಯಲಿಲ್ಲ. ಎಲ್ಲರೂ ತಮ್ಮ ತಮ್ಮ ಕಸ ಚೀಲಕ್ಕೆ ತುಂಬಿಕೊಂಡು ಎದ್ದರು. ರಸ್ತೆಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ, ಒಂದು ಕವರ್ ಸದಾ ಬ್ಯಾಗಿನಲ್ಲಿರಲಿ. ವಾಪಸ್ ಬರುವಾಗ ಗಾಯೆನ್‌ಮಾಯೆಗೆ ಹೋಗಬೇಡಿ, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಹದಿನೈದು ನಿಮಿಷ ನಡೆದರೆ ಶಿನಾನೊಮಾಚಿ ಎನ್ನುವ ಜೆಆರ್ ಸ್ಟೇಷನ್, ಅಲ್ಲಿ ಇಷ್ಟು ರಶ್ ಇರುವುದಿಲ್ಲ. ಮಧ್ಯರಾತ್ರಿ ಆಸುಪಾಸಿಗೆ ಕೊನೆಯ ಗಾಡಿ, ಅದನ್ನು ಮರೆಯಬೇಡಿ.

ಉಳಿದ ಊರುಗಳು

ಕ್ಯೋಟೋದ ಫುಶಿಮಿ ಇನಾರಿ ಗುಡಿಗೆ ಬೆಳಿಗ್ಗೆ ಆರಕ್ಕೆ ಹೋಗಿ. ದಿನವಿಡೀ ತೆರೆದಿರುತ್ತದೆ, ಟಿಕೆಟ್ ಇಲ್ಲ. ಸಾವಿರಾರು ಕಿತ್ತಳೆಗೆಂಪು ಕಮಾನುಗಳ ಕೆಳಗೆ ನಾವು ನಾಲ್ವರೇ ಇದ್ದೆವು. ಒಂಬತ್ತಕ್ಕೆ ಇಳಿಯುವಾಗ ಕೆಳಗೆ ದಾದರ್ ಸ್ಟೇಷನ್ನಿನ ರಶ್.

ನಾರಾಕ್ಕೆ ಕ್ಯೋಟೋದಿಂದ ಮುಕ್ಕಾಲು ಗಂಟೆ. ಕಿಂತೆತ್ಸು ರೈಲು ಹಿಡಿದರೆ ಪಾರ್ಕಿಗೆ ಹತ್ತಿರ ಇಳಿಯಬಹುದು. ಜಿಂಕೆಗಳು ತಲೆಬಾಗಿ ಬಿಸ್ಕೆಟ್ ಕೇಳುತ್ತವೆ, ಕೊಡದಿದ್ದರೆ ದುಪಟ್ಟಾ ತಿನ್ನುತ್ತವೆ. ತೋಡಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಅದಕ್ಕೆ ಕಣ್ಣು ಬರೆದವರು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರೆಲ್ಲ ಆ ದಾರ ಹಿಡಿದು ನಿಂತಿದ್ದರಂತೆ. ಘಾಟ್ಕೋಪರ್ ಇದನ್ನು ಎರಡು ಸಲ ಹೇಳಿಸಿಕೊಂಡಳು.

ಒಸಾಕಾದಲ್ಲಿ ಕೋಶಿಯೆನ್‌ಗೆ ಟಿಕೆಟ್ ಸಿಗಲಿಲ್ಲ, ಹೊರಗಿನ ಬಳ್ಳಿ ಹಬ್ಬಿದ ಗೋಡೆ ನೋಡಿ ಬಂದೆವು. ಸಂಜೆ ದೋತೊಂಬೊರಿ ಕಾಲುವೆಯ ಸೇತುವೆ. 1985ರಲ್ಲಿ ಟೈಗರ್ಸ್ ಲೀಗ್ ಗೆದ್ದಾಗ ಅಭಿಮಾನಿಗಳು ಕೆಎಫ್‌ಸಿ ಕೋಳಿ ಅಂಗಡಿ ಮುಂದಿನ ಕರ್ನಲ್ ಸ್ಯಾಂಡರ್ಸ್ ಬೊಂಬೆಯನ್ನೇ ಹೊತ್ತು ಆ ಕಾಲುವೆಗೆ ಎಸೆದಿದ್ದರು. ಆ ವರ್ಷದ ನಂತರ ತಂಡ ಮತ್ತೆ ಇಡೀ ಜಪಾನಿನ ಚಾಂಪಿಯನ್ ಆಗಲು 2023ರವರೆಗೆ ಕಾಯಬೇಕಾಯಿತು. ಬೊಂಬೆಯ ಶಾಪ ಎನ್ನುತ್ತಿದ್ದರು. 2009ರಲ್ಲಿ ಬೊಂಬೆಯನ್ನು ಮೇಲೆತ್ತಿದ ಮೇಲೂ ಹದಿನಾಲ್ಕು ವರ್ಷ ಶಾಪ ಬಿಡಲಿಲ್ಲ. ದೈವದ ಬೊಂಬೆ ಮುಟ್ಟಿದರೆ ನಮ್ಮ ಕಡೆಯೂ ಬಿಡುವುದಿಲ್ಲ ಎಂದಳು ಮುಲುಂಡ್, ಬಹಳ ಗಂಭೀರವಾಗಿ.

ಕೊನೆಯ ದಿನ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಸುಯಿಕಾ ಕಾರ್ಡಿನಲ್ಲಿ ಉಳಿದದ್ದನ್ನು ಖಾಲಿ ಮಾಡಿ. ನನ್ನದರಲ್ಲಿ 40 ಯೆನ್ ಇತ್ತು, ಹಾಗೇ ಬಿಟ್ಟೆ. ಠಾಣೆಯ ಕಾರ್ಡಿನಲ್ಲಿ 370. ಎರಡು ಉಮೆ ಉಂಡೆ ಕೊಂಡಳು, ಮುಲುಂಡ್‌ಗೆ ಮೂಸಲು ಕೊಟ್ಟಳು, ಒಪ್ಪಿಗೆ ಸಿಕ್ಕಿದ ಮೇಲೆ ಚಟ್ನಿಪುಡಿಯ ತಳದಲ್ಲಿ ಉಳಿದದ್ದನ್ನೆಲ್ಲ ಅದರ ಮೇಲೆ ಸುರಿದುಕೊಂಡು ಗೇಟಿನ ಮುಂದೆ ಕೂತು ತಿಂದಳು.